ಚಂದ್ರಿಯ ಎಡಗೊಂಬು

ನಾನು ಹೋದದ್ದು ಸುದ್ದಿ ಮಾಡಲು. ಧಾರವಾಡದ ಒಂದು ಕಲಾ ಶಾಲೆಯಲ್ಲಿ ಎರಡು ದಿನದ ಲಿನೋಕಟ್ ಶಿಬಿರ ಇತ್ತು. ಜಿಲ್ಲಾ ಪುಟಕ್ಕೆ ಮುನ್ನೂರು ಪದ, ಜೊತೆಗೊಂದು ಫೋಟೊ. ಇಂಥ ಸುದ್ದಿ ಬರೆಯಲು ಶಿಬಿರಕ್ಕೆ ಹೋಗಲೇಬೇಕೆಂದಿಲ್ಲ ಅನ್ನುವುದು ನಮ್ಮ ಬ್ಯಾಚಿನ ಎಲ್ಲರಿಗೂ ಗೊತ್ತು. ಆಮಂತ್ರಣ ಪತ್ರಿಕೆ ಕೈಯಲ್ಲಿದ್ದರೆ ಸಾಕು, ಉದ್ಘಾಟಿಸಿದವರು ಏನು ಹೇಳಿರುತ್ತಾರೆ, ಅಧ್ಯಕ್ಷತೆ ವಹಿಸಿದವರು ಏನು ಸೇರಿಸಿರುತ್ತಾರೆ ಅನ್ನುವುದು ಬಾಯಿಪಾಠವಾಗಿಬಿಟ್ಟಿದೆ. ಆದರೂ ಹೋದೆ. ಹೊರಗೆ ಜಿಟಿಜಿಟಿ ಮಳೆ, ಆಫೀಸಿಗೆ ಮರಳುವ ಮನಸ್ಸಿರಲಿಲ್ಲ, ಅಷ್ಟೇ ಕಾರಣ.

ನೆಲದ ಮೇಲೆ ಜಮಖಾನ ಹಾಸಿಕೊಂಡು ಹದಿನೈದಿಪ್ಪತ್ತು ಹುಡುಗರು ಕೂತಿದ್ದರು. ನಾನು ಬಾಗಿಲಲ್ಲೇ ನಿಂತು ಎರಡು ಫೋಟೊ ತೆಗೆದು, ಕಲಿಸುತ್ತಿದ್ದ ಸರ್ ಹತ್ತಿರ ಹೋಗಿ, "ಸರ್, ಈ ಶಿಬಿರದ ಉದ್ದೇಶ ಏನು?" ಅಂತ ಕೇಳಿದೆ. ಅವರು ನನ್ನ ನೋಟ್‌ಬುಕ್ಕನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. "ಬರೇ ಬರಕೊಂಡು ಹೋಗಬ್ಯಾಡ್ರಿ ಮೇಡಂ, ಕುಂದರ್ರಿ. ಒಂದು ತುಂಡು ಉಳದೈತಿ, ನೀವೂ ಕೆತ್ತಿ ನೋಡ್ರಿ" ಅಂದರು.

ಏನು ಕೆತ್ತಬೇಕು? ಎಲ್ಲರೂ ಪ್ರಾಣಿಯನ್ನೇ ಕೆತ್ತುತ್ತಿದ್ದರು. ಪಕ್ಕದ ಹುಡುಗ ಮೊಬೈಲಿನಲ್ಲಿ ಹುಲಿಯ ಚಿತ್ರ ಹುಡುಕಿ ಇಟ್ಟುಕೊಂಡಿದ್ದ. ಸರ್ ನನಗೆ ಹೇಳಿದ್ದು ಇಷ್ಟು: "ನಿಮಗ ಗೊತ್ತಿರೋ ಪ್ರಾಣಿ ತಗೋರಿ. ನೋಡಿದ್ದಲ್ಲ, ಗೊತ್ತಿರೋದು."

ಎಮ್ಮೆ, ಅಂದೆ. ಯೋಚನೆಯನ್ನೇ ಮಾಡಲಿಲ್ಲ.

ಕಲಘಟಗಿ ತಾಲ್ಲೂಕಿನ ನಮ್ಮೂರಿನಲ್ಲಿ ಎಮ್ಮೆ ಇಲ್ಲದ ಮನೆ ಇರಲಿಲ್ಲ. ನಮ್ಮ ಮನೆಯದರ ಹೆಸರು ಚಂದ್ರಿ. ಹಣೆಯ ಮೇಲೆ ಕಾಸಿನಗಲದ ಬಿಳಿ ಚುಕ್ಕಿ ಇದ್ದುದಕ್ಕೆ ಅಪ್ಪ ಇಟ್ಟ ಹೆಸರು ಅದು. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಕರುವಾಗಿ ಹುಟ್ಟಿದ್ದು, ನಾನು ಎಂ.ಎ.ಗೆ ಸೇರುವ ತನಕ ನಮ್ಮ ಹಕ್ಕಿಯಲ್ಲೇ ಇತ್ತು. ಶಾಲೆ ಬಿಟ್ಟ ಕೂಡಲೇ ಅದನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗುವುದು ನನ್ನ ಕೆಲಸ. ಅದರ ಬೆನ್ನ ಮೇಲೆ ಕೂತು ಪಾಠ ಓದಿದ್ದೇನೆ, ನಿದ್ದೆ ಮಾಡಿದ್ದೇನೆ, ಒಮ್ಮೆ ನೀರಿಗೂ ಬಿದ್ದಿದ್ದೇನೆ. ಎಡಗೊಂಬಿನ ತುದಿ ಮುರಿದಿತ್ತು. ಇಷ್ಟು ಗೊತ್ತಿದ್ದ ಮೇಲೆ ಚಿತ್ರ ಬಿಡಿಸುವುದು ಎಷ್ಟರ ಮಾತು ಅಂದುಕೊಂಡು ಪೆನ್ಸಿಲ್ ಹಿಡಿದೆ.

ಬೆನ್ನಿನ ಗೆರೆ ಬಂತು. ಹೊಟ್ಟೆ ಬಂತು. ಕೊಂಬಿನ ಹತ್ತಿರ ಬಂದು ಕೈ ನಿಂತಿತು. ಕಿವಿ ಎಲ್ಲಿರುತ್ತದೆ? ಕೊಂಬಿನ ಮುಂದೋ, ಹಿಂದೋ, ಕೆಳಗೋ? ಹಿಂಗಾಲು ಮಡಚುವುದು ಯಾವ ಕಡೆಗೆ? ಬಾಲದ ಕುಚ್ಚು ಎಲ್ಲಿಗೆ ಮುಟ್ಟುತ್ತದೆ? ಹನ್ನೆರಡು ವರ್ಷ ಜೊತೆಗಿದ್ದ ಪ್ರಾಣಿಯ ಕಿವಿ ನನಗೆ ಗೊತ್ತಿರಲಿಲ್ಲ. ಹುಲಿ ಕೆತ್ತುವ ಹುಡುಗ ನನಗಿಂತ ಎಷ್ಟೋ ವಾಸಿ, ಅವನ ಹತ್ತಿರ ಫೋಟೊ ಆದರೂ ಇತ್ತು. ಚಂದ್ರಿಯದು ನಮ್ಮ ಮನೆಯಲ್ಲಿ ಒಂದೇ ಒಂದು ಫೋಟೊ ಇದೆ. ದೀಪಾವಳಿ ಪಾಡ್ಯದ ದಿನ ತೆಗೆದದ್ದು. ಅದರಲ್ಲಿ ಹೊಸ ಲಂಗ ಹಾಕಿಕೊಂಡ ನನ್ನ ತಂಗಿ ಮಧ್ಯದಲ್ಲಿ ನಿಂತಿದ್ದಾಳೆ, ಅವಳ ಹಿಂದೆ ಎಮ್ಮೆಯ ಅರ್ಧ ಮೈ ಕಾಣುತ್ತದೆ, ತಲೆ ಚೌಕಟ್ಟಿನಿಂದ ಹೊರಗೆ ಉಳಿದಿದೆ. ಫೋಟೊ ತೆಗೆದವಳು ನಾನೇ.

ಅಂದಾಜಿನಲ್ಲಿ ಒಂದು ಕಿವಿ ಬರೆದೆ. ಎತ್ತಿನ ಕಿವಿಯಂತೆ ಬಂತು. ಇರಲಿ ಬಿಡು ಅಂದುಕೊಂಡೆ.

ಚಹಾದ ಹೊತ್ತಿಗೆ ಸರ್ ಒಂದು ದಪ್ಪ ಪುಸ್ತಕ ತೆರೆದು ಒಂದು ಖಡ್ಗಮೃಗ ತೋರಿಸಿದರು. ಜರ್ಮನಿಯ ನ್ಯೂರೆಂಬರ್ಗಿನ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1515ರಲ್ಲಿ ಮಾಡಿದ್ದು. ಲಿನೋ ಆಗಿನ್ನೂ ಹುಟ್ಟಿರಲಿಲ್ಲ, ಇದು ಮರದ ಹಲಗೆಯ ಅಚ್ಚು. ಅದನ್ನು ನೋಡಿದರೆ ಖಡ್ಗಮೃಗ ಅನ್ನಿಸುವುದಕ್ಕಿಂತ ಯುದ್ಧಕ್ಕೆ ಹೊರಟ ಯಾವುದೋ ಕಬ್ಬಿಣದ ಗಾಡಿ ಅನ್ನಿಸುತ್ತದೆ. ಮೈ ಮೇಲೆಲ್ಲ ಕವಚದ ತಗಡು ಜೋಡಿಸಿದಂತಿದೆ. ಭುಜದ ಮೇಲೆ ಇಲ್ಲದ ಒಂದು ಪುಟ್ಟ ಕೊಂಬು ಬೇರೆ. ಕಾಲಿಗೆ ಆಮೆಯ ಚಿಪ್ಪಿನಂಥ ಹುರುಪೆ.

ಡ್ಯೂರರ್ ಆ ಪ್ರಾಣಿಯನ್ನು ಕಣ್ಣಿಂದ ನೋಡಿರಲೇ ಇಲ್ಲ. ಯಾರೋ ಬರೆದ ಕಾಗದ ಮತ್ತು ಒಂದು ಗೀಚುಚಿತ್ರ, ಇವೆರಡೇ ಅವನ ಮೂಲಗಳು. ಆದರೆ ಪ್ರಾಣಿ ಮಾತ್ರ ನಿಜದ್ದು, ಅದೂ ನಮ್ಮ ಕಡೆಯಿಂದಲೇ ಹೋದದ್ದು. ಗುಜರಾತಿನ ಸುಲ್ತಾನ ಮುಜಫರ್ ಶಾ ಅದನ್ನು ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನಿಗೆ ಕೊಟ್ಟ. ಅಲ್ಬುಕರ್ಕ್ ಅದನ್ನು ಗೋವಾದಿಂದ ಹಡಗು ಹತ್ತಿಸಿ ತನ್ನ ದೊರೆ ಮ್ಯಾನುಯೆಲ್‌ಗೆ ಕಳಿಸಿದ. 1515ರ ಮೇ 20ರಂದು ಅದು ಲಿಸ್ಬನ್ ಮುಟ್ಟಿತು. ಗೋವಾ ಅಂದರೆ ನಮಗೆ ಬಸ್ಸು ಹತ್ತಿದರೆ ಅರ್ಧ ದಿನದ ದಾರಿ. ಅಲ್ಲಿಂದ ಹೊರಟ ಪ್ರಾಣಿಯ ಸುದ್ದಿ ಸಮುದ್ರ ದಾಟಿ, ಕಾಗದ ಹತ್ತಿ, ನ್ಯೂರೆಂಬರ್ಗ್ ಮುಟ್ಟುವಷ್ಟರಲ್ಲಿ ಒಂದು ಕೊಂಬು ಹೆಚ್ಚಾಗಿತ್ತು!

ಚಿತ್ರದ ಮೇಲೆ ನಾಲ್ಕಾರು ಸಾಲಿನ ಒಕ್ಕಣೆಯೂ ಅಚ್ಚಾಗಿದೆ. ಅದರಲ್ಲಿ ಪ್ರಾಣಿ ಬಂದ ದಿನ 1513ರ ಮೇ 1 ಅಂತಿದೆ. ಇಸವಿಯೇ ತಪ್ಪು. ಸರ್ ಇದನ್ನು ಹೇಳಿದಾಗ ಹುಡುಗರೆಲ್ಲ ನಕ್ಕರು, ನನಗೆ ಮಾತ್ರ ನಗು ಬರಲಿಲ್ಲ. ಅದೇ ವರ್ಷ ಹಾನ್ಸ್ ಬುರ್ಗ್‌ಕ್ಮೇರ್ ಅನ್ನುವ ಇನ್ನೊಬ್ಬ ಚಿತ್ರಕಾರ ಅದೇ ಖಡ್ಗಮೃಗದ ಮರದಚ್ಚು ಮಾಡಿದ್ದ. ಅವನದು ಇದಕ್ಕಿಂತ ನಿಜಕ್ಕೆ ಹತ್ತಿರ, ಕಾಲಿಗೆ ಕಟ್ಟಿದ ಹಗ್ಗವನ್ನೂ ಬಿಡದೆ ಕೆತ್ತಿದ್ದಾನೆ. ಅದರ ಪ್ರತಿ ಈಗ ಜಗತ್ತಿನಲ್ಲಿ ಒಂದೇ ಒಂದು ಉಳಿದಿದೆ. ಡ್ಯೂರರನದು ಮಾತ್ರ ಮತ್ತೆ ಮತ್ತೆ ಅಚ್ಚಾಗಿ, ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಯುರೋಪಿನ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಖಡ್ಗಮೃಗ ಅಂದರೆ ಅದೇ ಆಗಿಹೋಯಿತು. ಭುಜದ ಕೊಂಬಿನ ಸಮೇತ.

ಆ ಬಡಪ್ರಾಣಿಯೋ, ಚಿತ್ರ ಊರೂರು ಸುತ್ತುವಷ್ಟರಲ್ಲಿ ಸತ್ತೇಹೋಗಿತ್ತು. ದೊರೆ ಅದನ್ನು ರೋಮಿನ ಪೋಪ್‌ಗೆ ಕಾಣಿಕೆ ಅಂತ ಮತ್ತೆ ಹಡಗು ಹತ್ತಿಸಿದ. 1516ರ ಆರಂಭದಲ್ಲಿ ಇಟಲಿಯ ದಂಡೆಯ ಹತ್ತಿರ ಬಿರುಗಾಳಿಗೆ ಹಡಗು ಮುಳುಗಿತು. ಖಡ್ಗಮೃಗಕ್ಕೆ ಈಜು ಬರುತ್ತದೆ. ಆದರೆ ಕಾಲಿಗೆ ಸರಪಳಿ ಹಾಕಿದ್ದರು.

ನನಗೆ ನಗು ಬಾರದ್ದಕ್ಕೆ ಕಾರಣ ಇದೆ. ಒಂದು ಬರಗಾಲದ ವರ್ಷ ಗೋಶಾಲೆಯ ಬಗ್ಗೆ ನಾನೊಂದು ವರದಿ ಬರೆದಿದ್ದೆ. ಹೋಗಿರಲಿಲ್ಲ. ಇಬ್ಬರಿಗೆ ಫೋನ್ ಮಾಡಿದೆ, ಒಬ್ಬರು ವಾಟ್ಸ್ಯಾಪಿನಲ್ಲಿ ಫೋಟೊ ಕಳಿಸಿದರು. 'ಮುಗಿಲು ಮುಟ್ಟಿದ ಜಾನುವಾರುಗಳ ಆಕ್ರಂದನ' ಅನ್ನುವ ತಲೆಬರಹ ನನ್ನದೇ. ಅದು ಮೊದಲ ಪುಟಕ್ಕೆ ಬಂತು, ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಊರಿಗೆ ಹೋದಾಗ ಅವ್ವ ಪೇಪರನ್ನು ಜೋಪಾನವಾಗಿ ಮಡಚಿ ಇಟ್ಟಿದ್ದಳು. ನಾಲ್ಕನೇ ಇಯತ್ತೆ ಓದಿದವಳು, ಅಕ್ಷರ ಕೂಡಿಸಿ ಕೂಡಿಸಿ ಪೂರ್ತಿ ಓದಿದ್ದಾಳೆ. "ಚಂದ ಬರದಿ. ಆದ್ರ ಹೊಟ್ಟಿಗಿಲ್ಲದ ದನ ಒದರೂದಿಲ್ಲವ್ವ. ಮೇವು ಬರತೈತಿ ಅಂತ ಗೊತ್ತಿದ್ದದ್ದು ಒದರತೈತಿ. ಇಲ್ಲಂತ ಗೊತ್ತಾದದ್ದು ಸುಮ್ಮ ನಿಂದರತೈತಿ" ಅಂದಳು. ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಇರಲಿ, ಕೆತ್ತನೆಗೆ ಬರೋಣ.

ಉಬ್ಬಚ್ಚು ಅಂದರೆ ಗೊತ್ತಿಲ್ಲದವರು ಪಂಚಾಯ್ತಿಯ ರಬ್ಬರ್ ಸ್ಟ್ಯಾಂಪು ನೆನೆಸಿಕೊಂಡರೆ ಸಾಕು. ಉಬ್ಬಿದ ಭಾಗಕ್ಕೆ ಮಸಿ ಹತ್ತುತ್ತದೆ, ಕೆತ್ತಿ ತೆಗೆದ ತಗ್ಗು ಕಾಗದದ ಮೇಲೆ ಬಿಳಿಯಾಗಿ ಉಳಿಯುತ್ತದೆ. ಹಳೆಯ ಪತ್ರಿಕೆಗಳ ಮೊಳೆ ಜೋಡಣೆಯೂ ಇದೇ ತತ್ವದ್ದು. (ನಾವು ಪ್ರತಿ ವರ್ಷ ಜುಲೈ 1ಕ್ಕೆ ನೆನೆಯುವ 1843ರ 'ಮಂಗಳೂರ ಸಮಾಚಾರ' ಮಾತ್ರ ಕಲ್ಲಚ್ಚು, ಅದರ ವಿಧಾನವೇ ಬೇರೆ.) ಲಿನೋ ಅನ್ನುವುದು ಮೂಲದಲ್ಲಿ ನೆಲಕ್ಕೆ ಹಾಸುವ ಹಾಸು. ಗೋಣಿಬಟ್ಟೆಯ ಮೇಲೆ ಅಗಸೆ ಎಣ್ಣೆ, ಬೆಂಡಿನ ಪುಡಿ ಕಲಸಿ ಹಚ್ಚಿ ಒಣಗಿಸಿದ್ದು. ಮರಕ್ಕಿಂತ ಮೆತ್ತಗೆ, ಎಳೆಯೂ ಇಲ್ಲ, ಉಳಿ ಎತ್ತ ಬೇಕಾದರೂ ಓಡುತ್ತದೆ. ಅಗ್ಗ ಕೂಡ. ನಂದಲಾಲ್ ಬೋಸ್ 1930ರಲ್ಲಿ ಮಾಡಿದ, ಕೋಲು ಹಿಡಿದು ನಡೆಯುವ ಗಾಂಧಿಯ ಚಿತ್ರ ಎಲ್ಲರೂ ನೋಡಿರುತ್ತೀರಿ, ಅದು ಲಿನೋಕಟ್.

ತುಂಡನ್ನು ಸ್ವಲ್ಪ ಬಿಸಿ ಮಾಡಿದರೆ ಮೆತ್ತಗಾಗುತ್ತದೆ ಅಂತ ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲಗೆ ಆಡಿಸಿ ಕೊಟ್ಟರು. ಕೈಗೆ ತೆಗೆದುಕೊಂಡ ಕೂಡಲೇ ಆ ವಾಸನೆ. ನಮ್ಮ ಕಡೆ ಅಗಸಿ ಚಟ್ನಿ ಇಲ್ಲದೆ ರೊಟ್ಟಿ ಊಟ ಇಲ್ಲ, ಹಾಗಾಗಿ ಮೊದಲು ಅಡುಗೆಮನೆ ನೆನಪಾಯಿತು. ಆಮೇಲೆ ಗೊತ್ತಾಯಿತು, ಇದು ಚಟ್ನಿಯ ವಾಸನೆ ಅಲ್ಲ, ಹಿಂಡಿಯದು. ಗಾಣದಿಂದ ತಂದ ಅಗಸಿ ಹಿಂಡಿಯನ್ನು ಅವ್ವ ರಾತ್ರಿ ಬಕೆಟ್ಟಿನಲ್ಲಿ ನೆನೆ ಇಡುತ್ತಿದ್ದಳು. ಮುಂಜಾನೆ ಚಂದ್ರಿಯ ಮುಂದೆ ಇಟ್ಟರೆ ಅದು ಕಣ್ಣಿನ ತನಕ ಮುಖ ಮುಳುಗಿಸಿ ತಿನ್ನುತ್ತಿತ್ತು. ತುಂಡನ್ನು ಮೂಗಿಗೆ ಹಿಡಿದುಕೊಂಡು ಕೂತವಳನ್ನು ನೋಡಿ ಪಕ್ಕದ ಹುಡುಗ, "ಮೇಡಂ, ಅದು ಕೆತ್ತೂದ್ರಿ" ಅಂದ.

ಚಿತ್ರವನ್ನು ಕಾರ್ಬನ್ ಹಾಳೆ ಇಟ್ಟು ತುಂಡಿನ ಮೇಲೆ ಇಳಿಸಿದೆ. ಮೊದಲ ಉಳಿ ಹಾಕಿದ್ದು ಹಣೆಯ ಚುಕ್ಕಿಗೆ. ಒಂದೇ ತಿರುವಿಗೆ ದುಂಡಗೆ ಎದ್ದು ಬಂತು. ಅಲ್ಲಿಂದ ಮುಂದೆ ಸಿಕ್ಕಿಬಿದ್ದೆ. ಎಮ್ಮೆ ಕಪ್ಪು, ಮಸಿಯೂ ಕಪ್ಪು. ಎಮ್ಮೆಯನ್ನು ಕೆತ್ತುವುದೆಂದರೆ ಎಮ್ಮೆಯನ್ನು ಮುಟ್ಟದೆ ಬಿಡುವುದು! ಸುತ್ತಲಿನದನ್ನೆಲ್ಲ ತೆಗೆದರೆ ಒಂದು ಕರೀ ಕಲೆ ಉಳಿಯುತ್ತದೆ, ಅದು ಎಮ್ಮೆಯೂ ಆಗಬಹುದು, ಬಂಡೆಯೂ ಆಗಬಹುದು. ಸರ್ ಹಿಂದೆ ನಿಂತು, "ಬೆಳಕು ಎಲ್ಲಿ ಬಿದ್ದೈತಿ ಅಷ್ಟ ತಗೀರಿ" ಅಂದರು. ಕಣ್ಣು ಮುಚ್ಚಿದೆ. ಹಳ್ಳದಿಂದ ಎದ್ದು ಬರುವಾಗ ಚಂದ್ರಿಯ ಬೆನ್ನೆಲುಬಿನ ಉದ್ದಕ್ಕೂ ಒಂದು ಹೊಳಪು ಇರುತ್ತಿತ್ತು. ಪಕ್ಕೆಗಳ ಮೇಲೆ ನೀರು ಇಳಿದ ಗೆರೆ, ಸೊಂಟದ ಮೂಳೆಯ ಮೇಲೊಂದು ತುಂಡು ಬಿಸಿಲು. ಇವು ನೆನಪಿದ್ದವು. ಕಿವಿ ನೆನಪಿಲ್ಲದ ನನಗೆ ಇವು ಹೇಗೆ ನೆನಪಿದ್ದವೋ ಗೊತ್ತಿಲ್ಲ. ಬಹುಶಃ ಅದರ ಹಿಂದೆ ಹಿಂದೆಯೇ ನಡೆದವಳಿಗೆ ಕಾಣುವುದು ಅಷ್ಟೇ ಇರಬೇಕು.

ತೆಳು ಉಳಿಯಿಂದ ಒಂದೊಂದೇ ಎಳೆ ತೆಗೆಯುತ್ತ ಹೋದೆ. ಲಿನೋದ ಸುರುಳಿ ಉಗುರಿನಂತೆ ಎದ್ದು ಬೀಳುತ್ತಿತ್ತು. ಮಧ್ಯಾಹ್ನ ಊಟಕ್ಕೆ ಕರೆದದ್ದು ಕೇಳಲಿಲ್ಲ. ಹೊತ್ತು ಮುಳುಗುವ ಮುಂಚೆ ಒಮ್ಮೆ ಉಳಿ ಜಾರಿ, ಆ ಎತ್ತಿನ ಕಿವಿಯ ಅರ್ಧ ಹಾರಿಹೋಯಿತು. ತೆಗೆದದ್ದನ್ನು ಮರಳಿ ಅಂಟಿಸಲು ಬರುವುದಿಲ್ಲ. ಬರದೇ ಇದ್ದ ಕಿವಿ ಹೋದದ್ದೇ ಒಳ್ಳೆಯದು ಅನ್ನಿಸಿ ಉಳಿದರ್ಧವನ್ನೂ ತೆಗೆದುಬಿಟ್ಟೆ. ಆಫೀಸಿಗೆ ಕಳಿಸಬೇಕಿದ್ದ ಮುನ್ನೂರು ಪದವನ್ನು ರಾತ್ರಿ ಎಂಟಕ್ಕೆ ಕಳಿಸಿದೆ. ಇಷ್ಟೆಲ್ಲ ಆದಮೇಲೂ ಅದರಲ್ಲಿ 'ಶಿಬಿರಾರ್ಥಿಗಳು ಉತ್ಸಾಹದಿಂದ ಪಾಲ್ಗೊಂಡಿದ್ದರು' ಅನ್ನುವ ಸಾಲು ಇತ್ತು, ಮುಚ್ಚಿಡುವುದು ಯಾಕೆ.

ಎರಡನೆಯ ದಿನ ರಜೆ ಹಾಕಿ ಹೋದೆ. ಗಾಜಿನ ಮೇಲೆ ಮಸಿ ಹಾಕಿ ರೋಲರ್ ಆಡಿಸಿದರೆ ಎಣ್ಣೆಯಲ್ಲಿ ಏನೋ ಕರಿದಂಥ ಚರಚರ ಸದ್ದು ಬರುತ್ತದೆ. ಆ ಸದ್ದು ಬಂದರೆ ಮಸಿ ಹದಕ್ಕೆ ಬಂತು ಅಂತ. ತುಂಡಿಗೆ ಮಸಿ ಹಚ್ಚಿ, ಕಾಗದ ಹೊದಿಸಿ, ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿದೆವು. ಅದಕ್ಕೆ ದೊಡ್ಡ ಯಂತ್ರ ಬೇಕು ಅಂದುಕೊಂಡಿದ್ದೆ, ಊಟದ ಚಮಚ ಸಾಕಾಯಿತು. ಕಾಗದದ ಮೂಲೆ ಹಿಡಿದು ಎತ್ತಿದೆ. ಹಳ್ಳದಿಂದ ಎದ್ದ ಎಮ್ಮೆ ಅಲ್ಲಿ ನಿಂತಿತ್ತು. ಕಿವಿ ಇಲ್ಲದೆ, ಹಣೆಯಲ್ಲಿ ಚುಕ್ಕಿ ಇಟ್ಟುಕೊಂಡು, ಬೆನ್ನ ಮೇಲೆ ಬೆಳಕು ಹೊತ್ತುಕೊಂಡು. ನನ್ನ ಎದೆ ತುಂಬಿಬಂತು ಅಂತ ಬರೆದರೆ ನಮ್ಮ ಮೇಷ್ಟರು ಕೆಂಪು ಪೆನ್ನಿನಿಂದ ಹೊಡೆದುಹಾಕುತ್ತಿದ್ದರು. ಮೂರು ಪ್ರತಿ ತೆಗೆದೆ. ಚೆನ್ನಾಗಿ ಬಂದದ್ದನ್ನು ಪೇಪರಿನಲ್ಲಿ ಸುತ್ತಿಕೊಂಡು ಭಾನುವಾರ ಊರಿಗೆ ಹೋದೆ.

ಅವ್ವ ಕೈ ಒರೆಸಿಕೊಂಡು ಬಂದು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

"ಚಂದ ಐತಿ. ಯಾರ ಎಮ್ಮಿ ಇದು?"

"ಯಾರದಂದ್ರ? ನಮ್ಮ ಚಂದ್ರಿ ಬೇ."

"ಅಲ್ಲ ಬಿಡ. ಚಂದ್ರಿದು ಎಡಗೊಂಬು ಮುರದಿತ್ತು. ಇದರದು ಬಲಗೊಂಬು."

ಕೈಯಿಂದ ಕಸಿದುಕೊಂಡು ನೋಡಿದೆ. ಹೌದು. ನಾನು ಎಡಕ್ಕೆ ಮುಖ ಮಾಡಿದ ಎಮ್ಮೆ ಬರೆದಿದ್ದೆ, ಅಚ್ಚಿನಲ್ಲಿ ಅದು ಬಲಕ್ಕೆ ತಿರುಗಿತ್ತು. ಹತ್ತಿರದ ಕೊಂಬು ಎಡಗೊಂಬಾಗಿದ್ದದ್ದು ಬಲಗೊಂಬಾಗಿತ್ತು. ಅಚ್ಚು ಕನ್ನಡಿಯಂತೆ ತಿರುಗುತ್ತದೆ ಅಂತ ಸರ್ ಹೇಳಿದ್ದರು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಇದ್ದೆ. ಮೊಳೆ ಜೋಡಿಸುವವರು ಉಲ್ಟಾ ಅಕ್ಷರವನ್ನು ಸರಾಗ ಓದುತ್ತಿದ್ದರಂತೆ ಅಂತ ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಳಿಸಿದವಳು ನಾನು.

ಅವ್ವ ಹೊಸ್ತಿಲ ಮೇಲೆ ಕೂತಳು. "ಕೊಂಬು ಹೆಂಗ ಮುರೀತು ಗೊತ್ತೈತಿಲ್ಲ ನಿನಗ? ನೀ ಹಳ್ಳದಾಗ ಬಿದ್ದ ದಿನ. ನೀ ಅತ್ತಿ ಅಂತ ಅದು ಓಡಿ ದಂಡಿ ಹತ್ತಾಕ ಹೋಗಿ ಕಲ್ಲಿಗೆ ಬಡಕೊಂಡ್ತು." ನನಗೆ ಗೊತ್ತಿರಲಿಲ್ಲ. ನೀರಿಗೆ ಬಿದ್ದದ್ದು ಗೊತ್ತು, ಕೊಂಬು ಮುರಿದದ್ದು ಗೊತ್ತು. ಎರಡೂ ಒಂದೇ ದಿನದ ಸುದ್ದಿ ಅಂತ ಗೊತ್ತಿರಲಿಲ್ಲ.

ಆಗ ಕೇಳಿದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ. "ಅದನ್ನ ಯಾರಿಗೆ ಕೊಟ್ರಿ?"

ಚಂದ್ರಿ ಹೋದದ್ದು ನನ್ನ ಫೀಸಿಗೆ. ಹೆಣ್ಣುಹುಡುಗಿಗೆ ಪೇಪರಿನ ಓದು ಯಾಕೆ ಅಂತ ಊರೆಲ್ಲ ಅಂದಾಗ ಅಪ್ಪ ಏನೂ ಅನ್ನಲಿಲ್ಲ, ಎಮ್ಮೆ ಮೇಲೆ ಮಳೆ ಸುರಿದಂತೆ ಕೂತಿದ್ದ. ನಾನು ಹಾಸ್ಟೆಲ್ ಸೇರಿ ಒಂದು ವಾರಕ್ಕೆ ಹಣ ಬಂತು. ದಸರಾ ರಜೆಗೆ ಮನೆಗೆ ಹೋದಾಗ ಗೂಟ ಖಾಲಿ ಇತ್ತು. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಅಂತ ಕೇಳುವುದನ್ನು ಕಲಿಯಲು ಹೋದ ನಾನು ಇದೊಂದನ್ನು ಕೇಳಲಿಲ್ಲ. ಕೇಳಿದರೆ ಯಾವ ಉತ್ತರ ಬರಬಹುದು ಅಂತ ನನಗೆ ಗೊತ್ತಿತ್ತು. ಕಟುಕರಿಗೆ ಅನ್ನುವ ಮಾತನ್ನು ಅವ್ವನ ಬಾಯಿಂದ ಕೇಳುವ ಧೈರ್ಯ ಇರಲಿಲ್ಲ. ಅವರಾಗಿ ಹೇಳಲೂ ಇಲ್ಲ.

"ಹಳ್ಳದ ಆಚಿ ಊರಿನವರಿಗೆ," ಅಂದಳು ಅವ್ವ. "31 ಸಾವಿರ ಕೊಟ್ರು. ಕಟಗರಿಗೆ ಕೊಡತೇವೇನು? ಹಾಲು ಕುಡಿಯೋ ಮನಿಗೆ ಕೊಟ್ವಿ." ನಂತರ ಸ್ವಲ್ಪ ತಡೆದು, "ಮೂರನೇ ದಿನಕ್ಕ ತಿರಗಿ ಬಂದಿತ್ತು" ಅಂದಳು.

ನಸುಕಿನಲ್ಲಿ ಬಾಗಿಲು ತೆಗೆದರೆ ಚಂದ್ರಿ ಅಂಗಳದಲ್ಲಿ ನಿಂತಿತ್ತಂತೆ. ಕೊರಳಲ್ಲಿ ಹರಿದ ಹಗ್ಗ, ಹೊಟ್ಟೆಯ ತನಕ ರಾಡಿ. ಮಳೆಗಾಲ, ಹಳ್ಳ ತುಂಬಿತ್ತು, ಹೇಗೆ ದಾಟಿತೋ. ಒದರಲಿಲ್ಲವಂತೆ, ಸುಮ್ಮನೆ ನಿಂತಿತ್ತಂತೆ.

"ಕೆಚ್ಚಲ ಬಿಗದು ಕಲ್ಲ ಆಗಿತ್ತು. ನೋಡಾಕ ಆಗಲಿಲ್ಲ, ಕೂತು ಹಿಂಡಿದ್ನಿ. ಕ್ಯಾನ್ ತುಂಬತು. ಆಮ್ಯಾಲೆ ನಿಮ್ಮಪ್ಪನ ಕೈಯಾಗ ಕ್ಯಾನೂ ಕೊಟ್ಟು ಎಮ್ಮಿ ಜೋಡಿ ಕಳಿಸಿದ್ನಿ."

"ಹಾಲು ಯಾಕ ಕಳಿಸಿದಿ?"

"ಅವರದಲ್ಲ ಮತ್ತ? ಮಾರಿದ ಮ್ಯಾಲೆ ಹಾಲು ನಮ್ಮದು ಹೆಂಗ ಆಗತೈತಿ?"

ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಹೇಳಿದ್ರ ನೀ ಬಂದುಬಿಡ್ತಿದ್ದಿ" ಅಂದಳು. ಅದು ನಿಜ. ಆ ವಾರ ಹಾಸ್ಟೆಲ್ಲಿನಲ್ಲಿ ನಾನು ಪ್ರತಿ ರಾತ್ರಿ ಚೀಲ ತುಂಬುತ್ತಿದ್ದೆ, ಮುಂಜಾನೆ ಬಿಚ್ಚುತ್ತಿದ್ದೆ.

ಒಳಗಿನಿಂದ ಅಪ್ಪನ ದನಿ ಬಂತು. "ಮೂರನೇ ದಿನ ಅಲ್ಲ, ನಾಕನೇ ದಿನ." ಎರಡು ಮೂಲಗಳ ಹೇಳಿಕೆಯಲ್ಲಿ ವ್ಯತ್ಯಾಸ! ಅಪ್ಪ ಹೊರಗೆ ಬಂದು ಅಚ್ಚನ್ನು ಇಸಿದುಕೊಂಡು, ಚಾಳೀಸು ಏರಿಸಿ ನೋಡಿದ. "ಅವರ ಮನಿಯಾಗ ಚಾ ಮಾಡಿಕೊಟ್ರು. ಅದರದ ಹಾಲಿನ ಚಾ. ಕುಡದು ಬಂದ್ನಿ" ಅಂದ. ಮತ್ತೆ ಅಷ್ಟೇ ಹೊತ್ತು ಸುಮ್ಮನಿದ್ದು ಕೇಳಿದ: "ಇಂಥವು ಎಷ್ಟು ಬೇಕಾದ್ರೂ ಒತ್ತಾಕ ಬರತಾವೇನು?"

"ಬರತಾವು."

"ಅವರಿಗೂ ಒಂದು ಒತ್ತು ಹಂಗಾರ. ಕೊಂಬು ಸರಿ ಮಾಡಿ ಒತ್ತು."

ಸರ್ ಹತ್ತಿರ ಇನ್ನೊಂದು ತುಂಡು ಕೊಂಡು ತಂದೆ. ಈ ಸಲ ಚಿತ್ರವನ್ನು ಕಿಟಕಿಯ ಗಾಜಿಗೆ ಹಿಡಿದು ಹಿಂಬದಿಯಿಂದ ನಕಲು ಮಾಡಿಕೊಂಡು ಇಳಿಸಿದೆ. ರಾತ್ರಿ ಡ್ಯೂಟಿ ಮುಗಿಸಿ ಬಂದು ರೂಮಿನಲ್ಲಿ ಕೂತು ಕೆತ್ತಿದೆ, ಹತ್ತು ದಿನ ಹಿಡಿಯಿತು. ಮೊದಲ ಸಲದ ಬೆಳಕು ಎರಡನೆಯದಕ್ಕೆ ಬರಲಿಲ್ಲ. ಗೆರೆಗಳು ಅಚ್ಚುಕಟ್ಟಾದವು, ಎಮ್ಮೆ ಸ್ವಲ್ಪ ಬಿಗಿದುಕೊಂಡಂತಾಯಿತು. ಆದರೆ ಕೊಂಬು ಎಡಗಡೆಯದೇ ಮುರಿದಿತ್ತು. ಕಿವಿಯ ಜಾಗವನ್ನು ಕೆತ್ತದೆ ಕಪ್ಪಾಗಿಯೇ ಬಿಟ್ಟೆ. ಗೊತ್ತಿಲ್ಲದ್ದನ್ನು ಕೆತ್ತಬಾರದು ಅನ್ನುವ ಹಟ ಬಂದಿತ್ತು. ಡ್ಯೂರರನ ಮೇಲೆ ನನಗೆ ಸಿಟ್ಟೇನಿಲ್ಲ. ಅವನ ಖಡ್ಗಮೃಗ ಎಷ್ಟು ಚೆಂದ ಅಂದರೆ ತಪ್ಪು ಅಂತ ಗೊತ್ತಿದ್ದೂ ಮತ್ತೆ ಮತ್ತೆ ನೋಡುತ್ತೇನೆ. ಆದರೂ ಭುಜದ ಕೊಂಬಿನ ಜಾಗವನ್ನು ಅವನೂ ಹೀಗೆ ಬಿಡಬಹುದಿತ್ತು.

ಮುಂದಿನ ಭಾನುವಾರ ಅಪ್ಪನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಹೊರಟೆ. ಈಗ ಹಳ್ಳಕ್ಕೆ ಸೇತುವೆ ಆಗಿದೆ, ಇಪ್ಪತ್ತು ನಿಮಿಷದ ದಾರಿ. ಆ ಮನೆಯ ಯಜಮಾನರಿಗೆ ವಯಸ್ಸಾಗಿದೆ, ಕಣ್ಣು ಮಸುಕು. ಅಪ್ಪನ ದನಿಯಿಂದಲೇ ಗುರುತು ಹಿಡಿದು, "ಹಾಲು ತಂದ ಗೌಡ್ರು ಬಂದ್ರು ನೋಡ" ಅಂತ ಒಳಗೆ ಕೂಗಿದರು. ಹನ್ನೆರಡು ವರ್ಷದಿಂದ ಆ ಮನೆಯಲ್ಲಿ ನಮ್ಮಪ್ಪನ ಹೆಸರು ಅದೇ ಆಗಿತ್ತು ಅಂತ ಕಾಣುತ್ತದೆ. ಅಮ್ಮನವರು ಬಂದು ಅಚ್ಚನ್ನು ನೋಡಿದವರೇ, "ಅಯ್ಯ, ನಮ್ಮ ಗೌರಿ!" ಅಂದರು. ಅಲ್ಲಿ ಅದರ ಹೆಸರು ಗೌರಿ. ಅವರು ಮೊದಲು ಬೆರಳಿಟ್ಟದ್ದು ಕೊಂಬಿನ ಮುರುಕಿನ ಮೇಲೆ.

ನಾನು ಈ ಸಲ ಕೇಳಿದೆ. ಅದು ಆಮೇಲೆ ಏನಾಯಿತು?

"ಎರಡು ಸೂಲು ಆತು ನಮ್ಮಲ್ಲಿ. ಆಮ್ಯಾಲೆ ಬತ್ತಿತು. ಮಗ ಕೇಳಲಿಲ್ಲ, ಸಂತಿಗೆ ಹೊಡಕೊಂಡು ಹೋದ" ಅಂದರು ಯಜಮಾನರು. ಸಂತೆಯಲ್ಲಿ ಯಾರು ಕೊಂಡರು ಅಂತ ಅವರಿಗೆ ಗೊತ್ತಿಲ್ಲ. ಮಗ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆ, ಅವನಿಗೂ ನೆನಪಿರಲಿಕ್ಕಿಲ್ಲ. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಪ್ಪ ಟವೆಲ್ಲಿನ ಅಂಚು ಸರಿಮಾಡಿಕೊಳ್ಳುತ್ತಿದ್ದ. ಇದೇ ಉತ್ತರಕ್ಕೆ ಹೆದರಿ ನಾನು ಇಷ್ಟು ವರ್ಷ ಕೇಳಿರಲಿಲ್ಲ. ಕೇಳಿದ ಮೇಲೆ ಹೆದರಿಕೆ ಹೋಯಿತು ಅಂತೇನೂ ಇಲ್ಲ.

ಅಮ್ಮನವರು ಚಹಾ ತಂದರು. ಕುಡಿದಾದ ಮೇಲೆ, "ಬಾ ಇಲ್ಲೆ" ಅಂತ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಮಣಕ ಕಟ್ಟಿತ್ತು, ಇನ್ನೂ ಈದಿರಲಿಲ್ಲ. ಗೌರಿಯ ಮಗಳ ಮಗಳು ಇದು, ಅಂದರು. ಹಣೆಯಲ್ಲಿ ಚುಕ್ಕಿ ಇರಲಿಲ್ಲ. ಕೊಂಬು ಎರಡೂ ಇನ್ನೂ ಗೇಣುದ್ದ, ಹಿಂದಕ್ಕೆ ಬಾಗಲು ಈಗಷ್ಟೇ ಶುರುಮಾಡಿದ್ದವು. ಅದು ಕಣಿಕೆ ಜಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿತು.

ಅಭ್ಯಾಸಬಲದಿಂದ ಮೊಬೈಲ್ ತೆಗೆದವಳು ಮತ್ತೆ ಒಳಗಿಟ್ಟೆ. ನೋಟ್‌ಬುಕ್ ತೆಗೆದು ಗೋದಲಿಯ ಅಂಚಿಗೆ ಕೂತೆ. ಕಿವಿ ಕೊಂಬಿನ ಬುಡದ ಕೆಳಗೆ, ಸ್ವಲ್ಪ ಹಿಂದಕ್ಕೆ, ಅಡ್ಡಡ್ಡವಾಗಿ ಇತ್ತು. ಒಳಗೆ ಉದ್ದ ಕೂದಲು. ನೊಣ ಕೂತಾಗಲೆಲ್ಲ ಅದೊಂದೇ ಅಲುಗುತ್ತಿತ್ತು, ತಲೆ ಅಲುಗುತ್ತಿರಲಿಲ್ಲ.